ಕೈ ಊರಲು ಒಂದು ಪಟ್ಟಿ

ತೊಂಬತ್ತರ ದಶಕದ ಮೊದಲಲ್ಲಿ ಅಂಗವಿಕಲರ ಕೋಟಾದಡಿ ನನಗೆ ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಒಂದು ಎಸ್‌ಟಿಡಿ ಬೂತ್ ಸಿಕ್ಕಿತು. ಪೋಲಿಯೊದಿಂದ ಸೊರಗಿದ ನನ್ನ ಎಡಗಾಲಿಗೆ ಕಬ್ಬಿಣದ ಪಟ್ಟಿ ಇರುತ್ತಿತ್ತು. ಬಸ್ ಹತ್ತುವಾಗ ಹಿಂದಿನವರಿಗೆ ತಡವಾಗುತ್ತದೆಂದು, ಯಾರೂ ಬೈಯದಿದ್ದರೂ, "ತಪ್ಪಾತ್ರಿ, ತಪ್ಪಾತ್ರಿ" ಎನ್ನುತ್ತಲೇ ಹತ್ತುತ್ತಿದ್ದೆ.

ಒಂದು ಸಂತೆಯ ದಿನ ಮುದುಕಿಯೊಬ್ಬಳು ಬಂದಳು. ಲಿಂಗಸುಗೂರಿನಲ್ಲಿದ್ದ ಮಗಳು ತುಂಬು ಬಸುರಿ. ನಂಬರ್ ಹಚ್ಚಿ ರಿಸೀವರ್ ಕೊಟ್ಟೆ. ಮುದುಕಿಯ ಕೈ ನಡುಗುತ್ತಿತ್ತು. ಆಸರೆಗೆಂದು ಇನ್ನೊಂದು ಕೈಯನ್ನು ಫೋನಿನ ಮೇಲೆಯೇ ಊರಿದಳು. ರಿಸೀವರ್ ಇಡುವ ಜಾಗದ ಗುಂಡಿ ಒತ್ತಿಕೊಂಡು ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದೆ, ಮತ್ತೆ ಹಾಗೆಯೇ ಆಯಿತು. ಹೊರಗೆ ಜನ ಗೊಣಗತೊಡಗಿದರು.

"ನಿನ್ನ ಮಿಷನ್ ಕೆಡಿಸಿಬಿಟ್ಟೆ ನೋಡಬೇ ಯವ್ವಾ" ಎಂದು ತಲೆ ತಗ್ಗಿಸಿ ಹೊರಟೇಬಿಟ್ಟಳು. ಕೆಟ್ಟಿಲ್ಲ ಎಂದು ಹೇಳುವಷ್ಟರಲ್ಲಿ ಮುಂದಿನವನು ಒಳಗೆ ಬಂದಿದ್ದ.

ಆಮೇಲೆ ಎಷ್ಟೋ ಸಂತೆ ಕಳೆದರೂ ಅವಳ ಸುಳಿವಿಲ್ಲ. ಒಂದು ಮುಂಜಾನೆ ಲಿಂಗಸುಗೂರು ಬಸ್ಸಿನ ಬಾಗಿಲಲ್ಲಿ ಕಂಡಳು. ಕಾಲೆಳೆಯುತ್ತ ಹೋಗಿ ಕೇಳಿದೆ: "ಯಮ್ಮಾ, ಫೋನ್ ಮಾಡಾಕ ಯಾಕ ಬರವಲ್ಲಿ?"

"ಬ್ಯಾಡಬೇ. ನನ್ನ ಕೈ ನೆಟ್ಟಗಿಲ್ಲ, ನನ್ನಿಂದ ಮಂದಿಗೆ ತ್ರಾಸು."

"ಎರಡು ಮಾತಿಗೆ ಬಸ್ಸಿಗೆ ಹೊಂಟೀಯೇನು?"

"ನಾ ಹತ್ತಿದ್ರ ಬಸ್ ಏನು ಕೆಡಂಗಿಲ್ಲಲ್ಲ."

ಅವಳು ಮಾಡದ ತಪ್ಪನ್ನು ತನ್ನದೆಂದು ಹೊತ್ತಿದ್ದಳು. ಆ ಹೊರೆಯ ಭಾರ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬೂತಿನಿಂದಲೇ ಅದನ್ನು ಹೊರಿಸಿ ಕಳಿಸಿದ್ದೆ.

ಬಡಿಗನನ್ನು ಕರೆಸಿ, ನಿಂತು ಮಾತಾಡುವ ಎತ್ತರದ ಮೇಜು ಮಾಡಿಸಿ, ಫೋನನ್ನು ಗೋಡೆಯತ್ತ ಸರಿಸಿದೆ. ಅದರ ಮುಂದೆ ಕೈ ಊರಲು ದಪ್ಪನೆಯ ಮರದ ಪಟ್ಟಿ ಹೊಡೆಸಿದೆ. ಮುದುಕಿಯನ್ನು ಕಾಡಿಬೇಡಿ ಕರೆತಂದು ನಿಲ್ಲಿಸಿದೆ. ಪಟ್ಟಿ ಹಿಡಿದು, ಲೈನ್ ಕಡಿಯದೆ, ಮೊಮ್ಮಗಳು ಅಳುವುದನ್ನು ಕೇಳಿದಳು. "ಮಿಷನ್ ರಿಪೇರಿ ಮಾಡಿಸೀಯೇನಬೇ?" ಎಂದಳು. ಹೂಂ ಎಂದೆ.

ಸುದ್ದಿ ತಿಳಿದು ಸಿಂಧನೂರಿನಲ್ಲಿ ನನ್ನಂತೆಯೇ ಕೋಟಾದ ಬೂತ್ ಪಡೆದಿದ್ದ ಯುವಕ ಮೇಜು, ಪಟ್ಟಿಯ ಅಳತೆ ಕೇಳಿ ಕಳಿಸಿದ. ಎಲ್ಲ ಬೂತುಗಳಿಗೂ ಇದೇ ಅಳತೆ ಇರಬೇಕೆಂದು ಹೆಮ್ಮೆಯಿಂದ ಹೇಳಿ ಕಳಿಸಿದೆ. ಕೆಲ ತಿಂಗಳ ಮೇಲೆ ನೋಡಲು ಹೋದೆ. ಅವನಿಗೆ ಎರಡೂ ಕಾಲಿರಲಿಲ್ಲ. ಚಕ್ರದ ಹಲಗೆಯ ಮೇಲೆ ಕುಳಿತೇ ಓಡಾಡುತ್ತಿದ್ದ.

"ನಿಮ್ಮ ಮುದುಕಿ ಯಮ್ಮಗ ಚಲೋ ಆಗೈತ್ರಿ ಅಕ್ಕಾ" ಎಂದು ನಕ್ಕ. "ನನಗಷ್ಟ ಎಟಕವಲ್ದು. ಗಿರಾಕಿ ಕೈಲೇ ನಂಬರ್ ಹಚ್ಚಿಸ್ತೀನಿ."

ನಿಲ್ಲಬಲ್ಲವರ ಎತ್ತರಕ್ಕೆ ಮಾತ್ರ ನಾನು ಅಳೆದಿದ್ದೆ. ಅವನ ಪಕ್ಕ ನೆಲದ ಮೇಲೆ ಕುಳಿತು ಕೈ ಚಾಚಿ ನೋಡಿದೆ. ಫೋನು ದೂರವೇ ಉಳಿಯಿತು. ನಾನು ಹೇಳಿ ಕಳಿಸಿದ ಬಡಿಗ ಬಂದು ಮೇಜಿನ ಕಾಲು ಕೊಯ್ದು ಮುಗಿಸುವವರೆಗೂ ನಾನು ಮೇಲೇಳಲಿಲ್ಲ.