ಅಮಾವಾಸ್ಯೆಗೆ ಮುಗಿದ ಮೂವತ್ತು ದಿನ

ಹರ್ತಿಯ ನಮ್ಮ ರಾಮವ್ವ ದೊಡ್ಡವ್ವ ಅಮಾವಾಸ್ಯೆಯ ದಿನ ಎಂದೂ ಪ್ರಯಾಣ ಹೊರಟವಳಲ್ಲ. ಮಗಳು ಶೈಲಾಳ ಬಾಣಂತನಕ್ಕೆ ಮಲೇಶಿಯಾಕ್ಕೆ ಹೋದಾಗ ಅವಳಿಗೆ ವೀಸಾ ಬೇಕಾಗಲಿಲ್ಲ, ಆದರೆ ಮೂವತ್ತು ದಿನ ಮಾತ್ರ ಇರಬಹುದಿತ್ತು. ಕೊನೆಯ ದಿನವೇ ಅಮಾವಾಸ್ಯೆ ಬಿತ್ತು. ತಿರುಗಿ ಬರುವ ವಿಮಾನವೂ ಅಂದೇ ಇತ್ತು.

“ಮರುದಿನ ಹೋಗ್ತೀನಿ. ಒಂದ ದಿನಕ್ಕ ಏನಾಕ್ಕೈತಿ?” ಎಂದು ಹಟ ಹಿಡಿದಳು.

“ಅವ್ವಾ, ಇದೇನ್ ಬೀಗರ ಮನಿ ಅಲ್ಲ, ಇನ್ನೊಂದ ದಿನ ಇರ್ರಿ ಅನ್ನಾಕ. ದಿನ ಮೀರಿದ್ರ ಮುಂದ ಮೊಮ್ಮಗಳನ್ನ ನೋಡಾಕ ಬಿಡ್ಲಿಲ್ಲಂದ್ರ?” ಎಂದಳು ಶೈಲಾ.

ದೊಡ್ಡವ್ವ ಮಗುವನ್ನು ತೊಡೆಯ ಮೇಲೆ ಎತ್ತಿಕೊಂಡಳು. ನಮ್ಮಲ್ಲಿ ಒಳ್ಳೆಯ ದಿನ ನೋಡಿ ಚೀಲವನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಹೊರಟಂತೆಯೇ ಲೆಕ್ಕ. ಶೈಲಾ ಎರಡು ದಿನ ಮೊದಲೇ ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಬಂದಳು.

“ನೀ ಹೊರಟಂಗ ಆತಲ್ಲ?”

“ಶಾಣ್ಯಾಕಿ ಅದೀ ಬಿಡು,” ಎಂದು ದೊಡ್ಡವ್ವ ನಕ್ಕಳು. ಅಮಾವಾಸ್ಯೆಯ ಬೆಳಿಗ್ಗೆ ಮೊಮ್ಮಗಳಿಗೆ ಮುತ್ತು ಕೊಟ್ಟು ವಿಮಾನ ಹತ್ತಿದಳು.