ರಸ್ತೆಗೆ ಮುಖ ಮಾಡಿದ ಮಾತುಗಳು

ಈ ಕಡೆಗೆ ಬಂದ ಮೂರನೆಯ ದಿನ ಉಡುಪಿಯಲ್ಲಿ ಒಬ್ಬ ಹೆಂಗಸು ಗೇಟಿನ ಸರಳುಗಳ ಆಚೆ ನಿಂತು, ನನ್ನ ಹೆಸರು ಕೇಳುವ ಮೊದಲೇ, "ನೀವು ಘಟ್ಟದವರಾ?" ಎಂದು ಕೇಳಿದರು. ಘಟ್ಟದ ಮೇಲಿನವರನ್ನೆಲ್ಲ ಕರಾವಳಿಯಲ್ಲಿ ಹಾಗೆ ಕರೆಯುತ್ತಾರೆ. ನಾನು ಇಳಕಲ್ಲಿನವಳು ಎಂದೆ. "ಹಾಗಾದರೆ ಘಟ್ಟದವರೇ" ಎಂದು ಅವರೇ ತೀರ್ಮಾನಿಸಿ, ಮನೆ ಖಾಲಿ ಇಲ್ಲ ಎಂದರು. ಗೇಟಿನಲ್ಲಿ 'ಮನೆ ಬಾಡಿಗೆಗೆ ಉಂಟು' ಎಂದು ಬರೆದ ರಟ್ಟು ತೂಗುತ್ತಿತ್ತು. ಪಕ್ಕದ ಕಂಬದಲ್ಲಿ ಕರಿಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಕರುಣೆಯ ಬಗ್ಗೆ ಒಂದು ಸಾಲು. ಕೆಲಸ ಚೆನ್ನಾಗಿತ್ತು. ಅಕ್ಷರದ ಅಂಚು ಎಲ್ಲೂ ಒಡೆದಿರಲಿಲ್ಲ.

ಅಂಚನ್ನು ನೋಡುವುದು ನನ್ನ ಅಭ್ಯಾಸ. ಕಲ್ಲಿನ ಮೇಲೆ ಅಕ್ಷರ ಮೂಡಿಸುವುದು ನನ್ನ ಉದ್ಯೋಗ. ಅಪ್ಪನಿಂದ ಕಲಿತದ್ದು. ಅಪ್ಪ ಉಳಿ ಹಿಡಿದು ಕೆಂಪು ಕಲ್ಲಿನಲ್ಲಿ ಕೊರೆಯುತ್ತಿದ್ದ. ನಾನು ಕಾರ್ಕಳದ ರಸ್ತೆ ಬದಿಯ ಒಂದು ಶೆಡ್ಡಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತೇನೆ. ಯಂತ್ರ ಅದನ್ನು ಸ್ಟಿಕರಿನಲ್ಲಿ ಕತ್ತರಿಸುತ್ತದೆ. ಆಮೇಲೆ ಒಂದೊಂದು ಅಕ್ಷರದ ಚೂರನ್ನೂ ಸೂಜಿಯಿಂದ ಎತ್ತಿ ತೆಗೆಯಬೇಕು. ಸ್ಟಿಕರನ್ನು ಕಲ್ಲಿಗೆ ಅಂಟಿಸಿ ಮರಳು ಹೊಡೆದರೆ, ತೆರೆದ ಜಾಗ ಮಾತ್ರ ಗುಳಿ ಬೀಳುತ್ತದೆ. ಅದಕ್ಕೆ ಬಣ್ಣ. ಮನೆಯ ಹೆಸರು, ಅದರ ಕೆಳಗೆ ಒಂದು ಒಳ್ಳೆಯ ಮಾತು. ಹೊಸ ಮನೆ ಕಟ್ಟಿದವರಿಗೆ ಈ ಎರಡನೆಯದು ಬೇಕೇ ಬೇಕು.

ಮಾತುಗಳು ವಾಟ್ಸಾಪಿನಲ್ಲಿ ಬರುತ್ತವೆ. ಒಂದೇ ಸಾಲು ಮೂರು ಗಿರಾಕಿಗಳಿಂದ ಮೂವರು ಮಹಾಪುರುಷರ ಹೆಸರಿನಲ್ಲಿ ಬಂದದ್ದುಂಟು. ಶೆಡ್ಡಿನ ಮಾಲೀಕ ಸುಂದರಣ್ಣನಿಗೆ ತೋರಿಸಿದೆ.

"ಹೆಸರು ತೆಗೆದುಬಿಡು ಮಾರಾಯ್ತಿ, ಹೇಗೂ ಜಾಗ ಸಾಲುದಿಲ್ಲ" ಎಂದರು.

ಊರಿನಲ್ಲಿರುವ ನಿಮಗೆ ಇಲ್ಲಿನ ಸಂಗತಿ ಹೇಳಬೇಕು. ಅಲ್ಲಿ ಬೆವರು ಒಣಗುತ್ತದೆ, ಇಲ್ಲಿ ಒಣಗುವುದಿಲ್ಲ. ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದೆ. ಇಲ್ಲಿ ಮಣಿಪಾಲದ ಹಾಸ್ಟೆಲಿನಲ್ಲಿ, ಕೆಲಸಕ್ಕೆ ಹೋಗುವ ಹೆಂಗಸರು ಇರುವ ಕಟ್ಟಡವದು, ಪಕ್ಕದ ಮಂಚದವಳ ಮೊಬೈಲಿನ ಸದ್ದಿಗೆ ಏಳುತ್ತಿದ್ದೆ. ಕುಚ್ಚಲಕ್ಕಿಯ ದಪ್ಪ ಕೆಂಪು ಅನ್ನ ಮೊದಲ ತಿಂಗಳು ಗಂಟಲಲ್ಲಿ ಇಳಿಯಲಿಲ್ಲ. ನಾನು ಕಲಿತ ಮೊದಲ ತುಳು ಪದ 'ಇಜ್ಜಿ', ಇಲ್ಲ ಎಂದು ಅರ್ಥ. ಬಸ್ಸಿನಲ್ಲಿ ಧೈರ್ಯ ಮಾಡಿ "ಒಂಜಿ ಕಾರ್ಲ" ಎಂದು ಟಿಕೆಟ್ ಕೇಳಿದ ದಿನ ಕಂಡಕ್ಟರು ನನ್ನ ಮುಖ ನೋಡಿ, "ಕಾರ್ಕಳ ಒಂದಾ ಅಕ್ಕ?" ಎಂದು ಕನ್ನಡದಲ್ಲೇ ಉತ್ತರಿಸಿದ. ಆದರೂ ಅದನ್ನು ಗೆಲುವು ಎಂದೇ ಎಣಿಸಿಕೊಂಡೆ. ಗೆಲುವುಗಳು ಕಡಿಮೆ ಇದ್ದವು.

ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ನನ್ನ ಮಗಳು ಗೌರಿಗೆ ಹನ್ನೆರಡು ವರ್ಷ. ಇಳಕಲ್ಲಿನ ನಮ್ಮ ಮನೆಯಲ್ಲಿ ನನ್ನ ತಂಗಿ ಸಾವಿತ್ರಿಯ ಜೊತೆ ಇದ್ದಳು. ಜೂನಿನಲ್ಲಿ ಶಾಲೆ ತೆರೆಯುವ ಮೊದಲು ನನಗೊಂದು ಮನೆ ಸಿಗದಿದ್ದರೆ ಇನ್ನೊಂದು ವರ್ಷ ಅವಳು ಅಲ್ಲಿ, ನಾನು ಇಲ್ಲಿ. ಫೋನಿನಲ್ಲಿ ಅವಳು ಆಗಲೇ ನನ್ನ ಜೊತೆ ನೆಂಟರ ಹಾಗೆ ಮಾತಾಡತೊಡಗಿದ್ದಳು. ಊಟ ಆಯ್ತಾ ಅವ್ವ, ಆಯ್ತು, ನಿನ್ನದು ಆಯ್ತಾ. ಅಷ್ಟೇ. ನನಗೆ ಭಯವಾಗುತ್ತಿತ್ತು.

ಗಂಡನ ಮನೆ ಬಿಟ್ಟು ಬಂದ ವರ್ಷ ನಾನು ಒಂದು ನೋಟುಪುಸ್ತಕ ಇಟ್ಟೆ. ಬದುಕಲು ನನ್ನದೇ ಆದ ಒಂದು ದಾರಿ ಬೇಕು, ಅದನ್ನು ದೊಡ್ಡವರ ಮಾತುಗಳಿಂದ ಕಟ್ಟಿಕೊಳ್ಳಬಹುದು ಎಂದು ನಂಬಿದ್ದೆ. ಕೊರೆದ ಪ್ರತಿ ಸಾಲನ್ನೂ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಒಂದನ್ನು ಓದಿ ಆ ದಿನ ಅದರ ಪ್ರಕಾರ ಇರಲು ನೋಡುತ್ತಿದ್ದೆ. ನಗಬೇಡಿ. ನಿಲ್ಲಲು ಏನೂ ಇಲ್ಲದವರು ಎಲ್ಲದರ ಮೇಲೂ ಕಾಲಿಟ್ಟು ನೋಡುತ್ತಾರೆ.

ಇಲ್ಲಿಗೆ ಬಂದ ಮೇಲೆ ಎಡಪುಟದಲ್ಲಿ ಮಾತು, ಬಲಪುಟದಲ್ಲಿ ಅದನ್ನು ಮಾಡಿಸಿದ ಮನೆಯವರ ನಡತೆ ಬರೆಯತೊಡಗಿದೆ. ಅಜೆಕಾರಿನ ಕಡೆಯ ಒಂದು ಮನೆಯವರು ಮೌನದ ಹಿರಿಮೆಯನ್ನು ಕೊರೆಸಿಕೊಂಡರು; ಕಲ್ಲು ಅರ್ಧ ಇಂಚು ಓರೆಯಾಗಿದೆ ಎಂದು ಒಂದು ಗಂಟೆ ಕಿರುಚಿದರು. ಎಲ್ಲೂರಿನ ಕಡೆಯ ಇನ್ನೊಬ್ಬರು ಎಲ್ಲವೂ ಅಳಿಯುತ್ತದೆ ಎಂಬರ್ಥದ ಸಾಲು ಆರಿಸಿದರು. ಬಣ್ಣ ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಮೂರು ಸಲ ಕೇಳಿದರು. ನನಗೆ ನಗು ಬರುತ್ತಿತ್ತು. ಬನ್ನಂಜೆಯ ಮನೆಯ ನಂತರ ನಗು ನಿಂತಿತು.

ಉಡುಪಿಯ ಬನ್ನಂಜೆಯ ಆ ಮನೆಯವರು ನಿವೃತ್ತ ಮಾಷ್ಟ್ರು. ಸಾಲು ಅವರ ಸ್ವಂತದ್ದು: 'ಈ ಬಾಗಿಲಿಗೆ ಬಂದವರಾರೂ ಪರರಲ್ಲ.' ನಾನು ಅದನ್ನು ಮನಸ್ಸಿಟ್ಟು ಮಾಡಿದೆ. ಕಲ್ಲು ಕೂರಿಸುವ ದಿನ ಇಬ್ಬರು ಕೆಲಸದವರ ಜೊತೆ ಟೆಂಪೋದಲ್ಲಿ ನಾನೂ ಹೋದೆ. ಮಾಷ್ಟ್ರು ಒಳಗೆ ಕರೆದು ಕೂರಿಸಿ ಬೆಲ್ಲ ನೀರು ಕೊಟ್ಟರು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಇಲ್ಲಿನ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಮಾಳಿಗೆಯ ಮನೆ ಖಾಲಿ ಇರುವುದು ಕಂಡಿತು. ಕೇಳಿದೆ.

"ಕೊಡುವುದೇ ಉಂಟು. ನಿಮ್ಮ ಊರು ಯಾವುದು?"

ಹೇಳಿದೆ.

"ಓ, ಘಟ್ಟದ ಮೇಲೆ. ಯಜಮಾನರು ಎಂತ ಮಾಡಿಕೊಂಡಿದ್ದಾರೆ?"

"ನಮ್ಮ ಜೊತೆ ಇಲ್ಲ. ನಾನು, ಮಗಳು, ಇಬ್ಬರೇ."

ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನನ್ನದೇನೂ ಅಡ್ಡಿ ಇಲ್ಲ ನೋಡಿ. ನಾನು ಅಂಥವನಲ್ಲ. ಆದರೆ ನೆರೆಕರೆಯವರು ಒಂದು ಮಾತು ಹೇಳುವ ಹಾಗೆ ಆಗಬಾರದು, ಅಲ್ವಾ?" ಆಮೇಲೆ ಸಮಾಧಾನ ಹೇಳಿದರು. ತಾಳ್ಮೆಯ ಬಗ್ಗೆ ಒಂದು ಮಾತು, ಕಾಲದ ಬಗ್ಗೆ ಒಂದು, ಕಷ್ಟವೇ ಗುರು ಎಂಬ ಧಾಟಿಯಲ್ಲಿ ಇನ್ನೊಂದು. ಮೂರನ್ನೂ ನಾನು ಬೇರೆ ಬೇರೆ ಮನೆಗಳಿಗೆ ಕೊರೆದಿದ್ದೆ.

"ಮಾಷ್ಟ್ರೇ, ಈ ಕಲ್ಲನ್ನು ಗೇಟಿಗೆ ಬೇಡ, ಒಳಗೆ ಹಾಕುವಾ. ನಿಮ್ಮ ಕುರ್ಚಿಯ ಎದುರಿನ ಗೋಡೆಗೆ" ಎಂದೆ.

ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ಒಳಗೆ ಹಾಕಿದರೆ ಓದುವವರು ಯಾರು?"

ಹಾಸ್ಟೆಲಿನಲ್ಲಿ ನಾನು ಹೇಳಿದ ಕತೆಯಲ್ಲಿ ಇಲ್ಲಿಂದ ಮುಂದೆ ನಾನು ಎದ್ದು ನಿಲ್ಲುತ್ತೇನೆ, ಕಲ್ಲನ್ನು ಟೆಂಪೋಗೆ ವಾಪಸು ಹಾಕಿಸುತ್ತೇನೆ, ಮಾಷ್ಟ್ರು ಗೇಟಿನವರೆಗೆ ಓಡಿ ಬರುತ್ತಾರೆ. ಮಂಚಗಳ ಮೇಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ಅದು ಸುಳ್ಳು. ನಾನು ಲೋಟ ಕೆಳಗಿಟ್ಟು ಹೊರಗೆ ಹೋದೆ. ಸಿಮೆಂಟು ಕಲಸಿದ್ದರು. ಕಂಬಕ್ಕೆ ಕಲ್ಲು ಕೂರಿಸಿ, ಓರೆಯಾಗಿಲ್ಲವೆಂದು ರಸಮಟ್ಟ ಇಟ್ಟು ನೋಡಿ, ಒಂದು ಅಕ್ಷರದ ಬಣ್ಣ ತುಸು ಹರಡಿದ್ದನ್ನು ಬಟ್ಟೆಯಿಂದ ಒರೆಸಿದೆ. ಮಾಷ್ಟ್ರು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿ, "ಲಾಯ್ಕ್ ಆಗಿದೆ" ಎಂದರು. ನಾನು ಥ್ಯಾಂಕ್ಸ್ ಎಂದೆ.

ಥ್ಯಾಂಕ್ಸ್ ಎಂದದ್ದು ಇವತ್ತಿಗೂ ಚುಚ್ಚುತ್ತದೆ.

ಶೆಡ್ಡಿಗೆ ಬಂದು ಸುಂದರಣ್ಣನ ಮೇಲೆ ಕಿರುಚಿದೆ. ಇನ್ನು ಮುಂದೆ ಸುಳ್ಳು ಮಾತು ಕೊರೆಯುವುದಿಲ್ಲ ಎಂದೆ.

"ಅಕ್ಷರ ಮಾಡುದು ನಮ್ಮ ಕೆಲಸ. ಅದರ ಪ್ರಕಾರ ನಡೆಯುದು ಗಿರಾಕಿಯ ಕೆಲಸ. ಎರಡೂ ನೀನೇ ಮಾಡ್ತೇನೆ ಅಂದ್ರೆ ಹೇಗೆ?"

"ಮತ್ತೆ ಆ ಮಾತು ಯಾರಿಗೆ ಬರೆದದ್ದು ಸುಂದರಣ್ಣ? ಅವರಿಗಲ್ಲ. ರಸ್ತೆಯಲ್ಲಿ ಹೋಗುವವರಿಗೆ. ಎಲ್ಲರ ಕಲ್ಲೂ ಹೊರಗೇ ಮುಖ ಮಾಡಿದೆ. ತಾಳ್ಮೆ, ಕರುಣೆ, ತೃಪ್ತಿ ಎಲ್ಲ ನಾವು ಕಲಿಯಬೇಕು. ಅವರು ಒಳಗೆ ಕೂತು ಕಲ್ಲಿನ ಬೆನ್ನು ಮಾತ್ರ ನೋಡುವುದು."

"ಕಲ್ಲಿನ ಬೆನ್ನಿಗೆ ಪಾಲಿಶ್ ಇಲ್ಲ" ಎಂದು ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಕಾಪುವಿನಲ್ಲಿ ತಮ್ಮ ಪರಿಚಯದ ಒಬ್ಬ ಹೆಂಗಸು ಇದ್ದಾರೆ, ಮೀನಿನ ವ್ಯಾಪಾರ, ಮನೆಯ ಹಿಂದಿನ ಪಾಲು ಖಾಲಿ ಉಂಟು, ಕೇಳಿ ನೋಡು ಎಂದರು. ನಾನು ಹುಟ್ಟಿದಾಗಿನಿಂದ ಮೀನು, ಮಾಂಸ ಮುಟ್ಟಿದವಳಲ್ಲ. "ಅದು ಆಗುವುದಿಲ್ಲ" ಎಂದೆ.

ಆ ದಿನ ಸಂಜೆ ಬಸ್ ನಿಲ್ದಾಣದಿಂದ ಸಾವಿತ್ರಿಗೆ ಫೋನು ಮಾಡಿ ಬನ್ನಂಜೆಯ ಕತೆ ಹೇಳಿದೆ. ನಿಜವಾದದ್ದನ್ನೇ. ಹೇಳುತ್ತ, ನಮ್ಮ ಅವ್ವನೂ ಇಂಥವಳೇ ಎಂದೆ. ನನ್ನ ಮದುವೆಗೆ ಮುಂಚೆ, ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಊರಿಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಹೆಂಡತಿ, ಮಗುವಿನೊಡನೆ ಬಂದಿದ್ದರು. ಮಾಂಸ ತಿನ್ನುವವರು ಎಂದು ಅವ್ವ ಬಾಗಿಲಲ್ಲೇ ನಿಂತು ಕಳಿಸಿಬಿಟ್ಟಳು. ಅದೇ ಬಾಗಿಲ ಮೇಲೆ, ಎಲ್ಲರೂ ಒಂದೇ ಎಂಬರ್ಥದ ಸಾಲನ್ನು ಅಪ್ಪ ತನ್ನ ಕೈಯಾರೆ ಕೊರೆದಿದ್ದ.

ಸಾವಿತ್ರಿ ನನ್ನನ್ನು ತಡೆದಳು. "ಅಕ್ಕಾ, ಅವತ್ತು ಅವ್ವ ಊರಾಗ ಇದ್ದಿಲ್ಲ. ಮಾವನ ಮನಿಗೆ ಹೋಗಿದ್ಳು. ಬಾಗಿಲದಾಗ ನಿಂತಾಕಿ ನೀನು."

"ಏನರ ಹೇಳಬ್ಯಾಡ."

"ನನಗ ಯಾಕ ಬೇಕವ್ವ ಸುಳ್ಳು? ಏನು ಉಣ್ತೀರಿ ಅಂತ ನೀನ ಕೇಳಿದಿ. ಓಣಿಯವರು ಏನಂದಾರು ಅಂತ ನೀನ ಅಂದಿ. ಅವರ ಕೂಸು ಕಟ್ಟಿ ಮ್ಯಾಲ ಕುಂತಿತ್ತು. ಏಳಿಸಿದಿ."

ಕೂಸು ನನಗೆ ನೆನಪಿದೆ. ಕೆಂಪು ಫ್ರಾಕು. ಅದನ್ನು ಏಳಿಸಿದ ಕೈ ಅವ್ವನದು ಎಂದೇ ಇಷ್ಟು ವರ್ಷ ನೆನಪಿತ್ತು, ಬಳೆಗಳ ಸಮೇತ. ಆ ಒಂದು ಕಾರಣಕ್ಕೆ ಅವ್ವನ ಮೇಲೆ ಎಷ್ಟು ಸಲ ಹರಿಹಾಯ್ದಿದ್ದೇನೆ! ಅವಳು ಒಮ್ಮೆಯೂ ನಾನಲ್ಲ ಎನ್ನಲಿಲ್ಲ. ಹೇಳಿದ್ದಳೋ, ನಾನು ಕೇಳಿಸಿಕೊಳ್ಳಲಿಲ್ಲವೋ. ಈಗ ಕೇಳೋಣವೆಂದರೆ ಅವಳಿಲ್ಲ. ಸಾವಿತ್ರಿಯ ನೆನಪೇ ತಪ್ಪಿರಬಹುದು. ಆಗ ಅವಳೂ ಚಿಕ್ಕವಳು. ಆದರೆ ಓಣಿಯವರು ಏನಂದಾರು ಎಂಬ ಮಾತಿನ ರಾಗ ನನ್ನದೇ. ಅದನ್ನು ನಾನು ಗುರುತಿಸಿದೆ.

ನೋಟುಪುಸ್ತಕದಲ್ಲಿ ಬನ್ನಂಜೆಯ ಸಾಲಿನ ಕೆಳಗೆ ಅಪ್ಪನ ಸಾಲನ್ನು ಬರೆದು, ಬಲಪುಟದಲ್ಲಿ ನನ್ನ ಹೆಸರು ಬರೆದೆ. ಆಮೇಲೆ ಹಿಂದಿನಿಂದ ಓದುತ್ತ ಬಂದು ಒಂದೊಂದನ್ನೇ ಹೊಡೆದುಹಾಕಿದೆ. ಮಾತುಗಳು ಕೆಟ್ಟವಲ್ಲ. ನಾನು ಅವುಗಳ ಪ್ರಕಾರ ಇದ್ದೆ ಎಂದುಕೊಂಡದ್ದೆಲ್ಲ, ನನಗೆ ಏನೂ ಕಷ್ಟವಾಗದ ದಿನಗಳಲ್ಲಿ. ಕೊನೆಗೆ ಖಾಲಿ ಜಾಗದಲ್ಲಿ ನನ್ನದೇ ಒಂದು ಸಾಲು ಬರೆದೆ: 'ಹೇಳಿದವರನ್ನು ಮೊದಲು ನೋಯಿಸದ ಮಾತನ್ನು ನಂಬಬೇಡ.' ಓದಿದರೆ ಅದೂ ಕಲ್ಲಿಗೆ ಸಿದ್ಧವಾದಂತೆ ಕಂಡಿತು. ಸಿಟ್ಟಿನಿಂದ ಪುಸ್ತಕ ಮುಚ್ಚಿದೆ. ಆದರೆ ಆ ಸಾಲನ್ನು ಹೊಡೆದುಹಾಕಲಿಲ್ಲ.

ಮರುದಿನವೇ ಕಾಪುವಿಗೆ ಹೋದೆ. ಗಿರಿಜಕ್ಕ ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ಮನೆಯ ಮುಂದೆ ಯಾವ ಕಲ್ಲೂ ಇರಲಿಲ್ಲ. ಅದನ್ನು ನೋಡಿ ಮನಸ್ಸು ಅರಳಿತು ಎಂದು ಬರೆಯುವ ಆಸೆ ಇದೆ. ಅರಳಲಿಲ್ಲ. ವಾಸನೆಗೆ ಕೈ ಮೂಗಿನ ಕಡೆ ಹೋಯಿತು.

"ಸುಂದರ ಹೇಳಿದ. ಗಂಡ ಜೊತೆಯಲ್ಲಿ ಇಲ್ವಂತೆ. ಕುಡಿದು ಬಂದು ಗಲಾಟೆ ಮಾಡುವ ಜನವಾ?"

"ಎಲ್ಲಿದ್ದೇನೆ ಎಂದೇ ಅವನಿಗೆ ಗೊತ್ತಿಲ್ಲ."

"ಬಂದರೆ ನನ್ನನ್ನು ಕರೆಯಿರಿ. ನೀವೇ ಬಾಗಿಲು ತೆಗೆಯುದು ಬೇಡ." ಬುಟ್ಟಿ ಕವುಚಿ ಹಾಕಿದರು. "ವಾಸನೆ ಆಗ್ತದಾ ನಿಮಗೆ? ಬೇಸಗೆಯಲ್ಲಿ ಇಲ್ಲಿ ಮೀನು ಒಣಗಿಸುದುಂಟು. ಆಮೇಲೆ ಕಂಪ್ಲೇಂಟ್ ಮಾಡುದು ಬೇಡ."

ಪರವಾಗಿಲ್ಲ ಎಂಬ ಮಾತು ತುಟಿಯವರೆಗೆ ಬಂದಿತ್ತು. "ನನಗೆ ಆಗುವುದಿಲ್ಲ" ಎಂದೆ. "ಈಗಲೂ ಆಗುತ್ತಿಲ್ಲ. ಆದರೂ ಮನೆ ಬೇಕು. ಒಮ್ಮೆ ನಾನೂ ಒಬ್ಬರಿಗೆ ಇದೇ ಕಾರಣಕ್ಕೆ ಮನೆ ಕೊಟ್ಟಿಲ್ಲ."

ಗಿರಿಜಕ್ಕ ಕೈ ಒರೆಸಿಕೊಳ್ಳುತ್ತ ನನ್ನನ್ನು ದಿಟ್ಟಿಸಿದರು. "ಅದನ್ನು ನನ್ನ ಹತ್ರ ಎಂತಕ್ಕೆ ಹೇಳುದು? ನಾನು ಪಾದ್ರಿಯಾ?" ಎಂದರು. "ನನಗೂ ಸಿಟ್ಟು ಬರ್ತದೆ ಇಂಥದ್ದು ಕೇಳಿದರೆ. ಮೀನು ತಗೊಳ್ಳುವಾಗ ಅಕ್ಕ, ಬಸ್ಸಲ್ಲಿ ಪಕ್ಕ ಕೂತರೆ ಮೂಗು ಮುಚ್ಚಿಕೊಳ್ಳುದು." ನಾನು ಹೊರಡಲು ತಿರುಗಿದೆ. ಅವರು ಒಳಗೆ ಹೋಗಿ ಬೀಗದ ಕೈ ತಂದು ನನ್ನ ಕೈಗೆ ಹಾಕಿದರು. "ಹಿಂದಿನ ಕಿಟಕಿ ಗಾಳಿಗೆ ಬಡಿಯುತ್ತದೆ. ಕೊಕ್ಕೆ ಹಾಕಿ."

ಅವರು ನನ್ನನ್ನು ಕ್ಷಮಿಸಲಿಲ್ಲ, ಮನೆ ಕೊಟ್ಟರು. ಎರಡನ್ನೂ ಒಂದೇ ಎಂದು ತಿಳಿಯುವಷ್ಟು ಮೂರ್ಖಳಲ್ಲ ನಾನು.

ಮೇ ಕೊನೆಗೆ ಗೌರಿ ಬಂದಳು. ಈಗ ಶಿರ್ವದಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋಗಿ ಬರುತ್ತೇನೆ. ಸಂಜೆ ನಾನು ಬರುವವರೆಗೆ ಅವಳು ಗಿರಿಜಕ್ಕನ ಜೊತೆ ಇರುತ್ತಾಳೆ. ವಾಸನೆಗೆ ನಾನು ಒಗ್ಗಿಲ್ಲ. ಒಗ್ಗಿದೆ ಎಂದು ಯಾರಿಗೂ ಹೇಳುವುದಿಲ್ಲ. ಕಲ್ಲಿನ ಕೆಲಸ ನಡೆದೇ ಇದೆ. ಕಳೆದ ವಾರವೂ ಔದಾರ್ಯದ ಮೇಲೆ ಒಂದು ಸಾಲು ಮಾಡಿದೆ, ಹಲ್ಲು ಕಚ್ಚಿಕೊಂಡು. ಕಲ್ಲನ್ನು ಒಳಗೂ ಹಾಕಿಸಬಹುದು ಎಂದು ಪ್ರತಿ ಗಿರಾಕಿಗೂ ಹೇಳುತ್ತೇನೆ. ಈವರೆಗೆ ಯಾರೂ ಒಪ್ಪಿಲ್ಲ.

ದಸರಾ ರಜೆಗೆ ಮುಂಚೆ ಒಂದು ದಿನ ಗೌರಿ ಅನ್ನಕ್ಕೆ ಸಾರು ಕಲಸುತ್ತ, "ಅವ್ವ, ನಾನು ಗಿರಿಜಕ್ಕನ ಮನೆಯಲ್ಲಿ ಬಂಗುಡೆ ತಿಂದೆ. ಅವರು ಬೇಡ ಅಂದರು, ನಾನೇ ಕೇಳಿ ತಿಂದೆ" ಎಂದಳು. ಬಂಗುಡೆ ಎಂದರೆ ಇಲ್ಲಿ ದಿನವೂ ತಿನ್ನುವ ಮೀನು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. "ರುಚಿ ಇತ್ತಾ?" ಎಂದು ಕೇಳಿದೆ. "ಇತ್ತು" ಎಂದಳು. ಬಹಳ ದಿನಗಳ ಮೇಲೆ ಅವಳು ನನ್ನ ಕಣ್ಣಿಗೆ ಕಣ್ಣಿಟ್ಟು ಒಂದು ಮಾತು ಹೇಳಿದ್ದಳು.

ಸಾವಿತ್ರಿಗೆ ಫೋನು ಮಾಡಿ ಹೇಳಿದೆ. ಅವಳು ದನಿ ತಗ್ಗಿಸಿದಳು. "ಆತು ಬಿಡು, ಕೂಸು ಅದು. ರಜಾಕ್ಕ ಇಲ್ಲಿಗೆ ಬಂದಾಗ ಯಾರ ಮುಂದೂ ಅನಬ್ಯಾಡ. ಇವರು ಅಡಗಿ ಮನಿಗೆ ಬಿಡಂಗಿಲ್ಲ." ಇವರು ಎಂದರೆ ಅವಳ ಗಂಡ. ಮನೆ ನಮ್ಮ ಅಪ್ಪನದು.

"ನಾನ ಹೇಳತೀನಿ" ಎಂದೆ. "ಬಾಗಿಲದಾಗ ನಿಂತು ಮೊದಲು ಅದನ್ನ ಹೇಳಿ, ಆಮ್ಯಾಲ ಒಳಗ ಬರ್ತೀವಿ."

ಫೋನಿನ ಆ ಕಡೆ ನಮ್ಮ ಓಣಿಯ ಸದ್ದು ಕೇಳುತ್ತಿತ್ತು, ಯಾರೋ ನೀರು ಹಿಡಿಯುತ್ತಿದ್ದರು. ಈ ಕಡೆ ಗೌರಿ ಅಂಗಳದಲ್ಲಿ ಗಿರಿಜಕ್ಕನಿಗೆ ತುಳುವಿನಲ್ಲಿ ಏನೋ ಹೇಳಿ ನಗುತ್ತಿದ್ದಳು, ನನಗೆ ತಿಳಿಯಲಿಲ್ಲ. ಸಾವಿತ್ರಿ ಯಾವತ್ತೂ ಫೋನು ಇಡುವ ಮೊದಲು, ಯಾವಾಗ ಬರ್ತೀರಿ ಎಂದು ಕೇಳುತ್ತಾಳೆ. ಆ ದಿನ ಕೇಳಲಿಲ್ಲ.