ಮೂವತ್ನಾಲ್ಕು ಮಿಲಿಮೀಟರ್

ನಮ್ಮ ರೋಬೋಟ್ ಮೂರು ತಾಲೂಕಿನಲ್ಲಿ ಹಂಚಿಹೋಗಿತ್ತು. ಚಕ್ರಗಳ ಭಾಗ ಸಿದ್ದಾಪುರ ಕಡೆಯ ಕಾನಸೂರಿನ ಹುಡುಗನದು, ಡಬ್ಬಿಗಳನ್ನು ಎತ್ತುವ ಕೈ ಯಲ್ಲಾಪುರದ ಶಾಲೆಗೆ ಬರುತ್ತಿದ್ದ ನಂದೊಳ್ಳಿಯ ಹುಡುಗಿಯದು, ಎಲ್ಲವನ್ನೂ ಕೂಡಿಸುವ ಯಜಮಾನಿಕೆ ಶಿರಸಿಯಲ್ಲಿದ್ದ ನನ್ನದು. ಹುಬ್ಬಳ್ಳಿಯ ಸ್ಪರ್ಧೆಗೆ ಒಂದೇ ಶಾಲೆಯಿಂದ ತಂಡ ಕಟ್ಟುವಷ್ಟು ಆಸಕ್ತರಿರಲಿಲ್ಲ, ಹಾಗಾಗಿ ಈ ಒಟ್ಟು ಕುಟುಂಬ. ನಾವು ಸೇರುತ್ತಿದ್ದದ್ದು ಕಂಪ್ಯೂಟರಿನ ಒಂದೇ ಡ್ರಾಯಿಂಗ್ ಫೈಲಿನಲ್ಲಿ. ಯಾರು ಎಲ್ಲಿ ಕೂತು ಗೆರೆ ಎಳೆದರೂ ಉಳಿದಿಬ್ಬರಿಗೆ ಕಾಣುತ್ತಿತ್ತು. ಬಿಡಿಭಾಗಗಳು ಮಾತ್ರ ಬಸ್ ಕಂಡಕ್ಟರುಗಳ ಕೈಯಲ್ಲಿ ಊರೂರು ತಿರುಗುತ್ತಿದ್ದವು.

ಇನ್ನೊಬ್ಬರ ಭಾಗವನ್ನು ಮುಟ್ಟುವ ಮೊದಲು ಫೋನ್ ಮಾಡಿ ಕೇಳಬೇಕು ಎಂಬ ಕಟ್ಟುಪಾಡು ಮಾಡಿದ್ದು ನಾನೇ. ದಪ್ಪ ಅಕ್ಷರದಲ್ಲಿ ಬರೆದು ಶಿರಸಿಯ ನಮ್ಮ ಲ್ಯಾಬಿನ ಗೋಡೆಗೂ ಅಂಟಿಸಿದ್ದೆ. ಆ ವಯಸ್ಸಿಗೇ ನನಗೆ ಊರಿಗೆಲ್ಲ ಬುದ್ಧಿ ಹೇಳುವ ಚಟವಿತ್ತು.

ನಂದೊಳ್ಳಿಯವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅವಳ ಶಾಲೆಯ ಲ್ಯಾಬಿನ ಬಾಗಿಲು ಸಂಜೆ ತೆರೆಯುತ್ತಿದ್ದದ್ದು ತಂಡದಲ್ಲಿದ್ದವರಿಗಷ್ಟೇ. ತಂಡದಿಂದ ಹೊರಬಿದ್ದರೆ ಡ್ರಾಯಿಂಗೂ ಮುಗಿದ ಹಾಗೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಮೂವರಲ್ಲಿ ಅವಳ ಕೈ ಚುರುಕು. ಅದು ನನಗೆ ಗೊತ್ತಿತ್ತು, ಸಹಿಸುವುದಕ್ಕೆ ಆಗುತ್ತಿರಲಿಲ್ಲ.

ರೋಬೋಟಿನ ಕೈ ತಿರುಗಿಸುವ ಮೋಟಾರು ಹಳೆಯ ಜೆರಾಕ್ಸ್ ಯಂತ್ರದಿಂದ ಕಿತ್ತದ್ದು, ಅವಳ ಹತ್ತಿರವೇ ಇತ್ತು. ಅದನ್ನು ಕೂರಿಸುವ ಅಕ್ರಿಲಿಕ್ ಹಲಗೆಯನ್ನು ಶಿರಸಿಯ ಬೋರ್ಡ್ ಬರೆಯುವ ಅಂಗಡಿಯಲ್ಲಿ ಕತ್ತರಿಸಿಕೊಡುತ್ತಿದ್ದರು. ಕತ್ತರಿಸಲು ಕೊಡುವ ದಿನ ಫೈಲ್ ತೆರೆದೆ. ತೂತುಗಳ ನಡುವಿನ ಅಂತರ ಮೂವತ್ನಾಲ್ಕು ಮಿಲಿಮೀಟರ್ ಎಂದಿತ್ತು. ಇಂಥ ಮೋಟಾರಿಗೆ ಮೂವತ್ತೊಂದು ಎಂದು ನಾನು ಇಂಟರ್ನೆಟ್ಟಿನಲ್ಲಿ ಓದಿದ್ದೆ. ಪಕ್ಕದಲ್ಲಿ, ತಾನೇ ಅಳೆದದ್ದು ಬದಲಿಸಬೇಡ ಎಂದು ಅವಳ ಟಿಪ್ಪಣಿ: ‘ಮೋಟಾರು ಕೈಯಲ್ಲಿ ಹಿಡ್ಕಂಡು ಅಳತೆ ಮಾಡಿದ್ದಿ. ಬದಲು ಮಾಡಡ.’

ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ ಬಂತು. ಅವಳ ಊರಿನಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ದಿಬ್ಬ ಹತ್ತಬೇಕೆಂದು ನನಗೆ ಗೊತ್ತು. ಇನ್ನೊಮ್ಮೆ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಸಿಗದಿದ್ದದ್ದೇ ಒಳ್ಳೆಯದಾಯಿತು ಎನಿಸಿತ್ತು. ಕೇಳಿದ ಶಾಸ್ತ್ರವಂತೂ ಮುಗಿದಿತ್ತಲ್ಲ. ಮೂವತ್ತೊಂದು ಮಾಡಿದೆ. ಟಿಪ್ಪಣಿಯನ್ನೂ ಅಳಿಸಿದೆ.

ಮೂರೂ ಕಡೆಯ ತುಂಡುಗಳೂ ನಾವು ಮೂವರೂ ಶಿರಸಿಯಲ್ಲಿ ಒಂದಾದದ್ದು ಭಾನುವಾರ. ಮಾರನೆಯ ಬೆಳಿಗ್ಗೆಯೇ ಸ್ಪರ್ಧೆ. ಹಲಗೆ ಮೋಟಾರಿಗೆ ಕೂರಲಿಲ್ಲ. ಬೋರ್ಡಿನ ಅಂಗಡಿ ಬಾಗಿಲು ಹಾಕಿತ್ತು. ಡ್ರಿಲ್ ತಂದು ಹೊಸ ತೂತು ಹೊಡೆಯಲು ನೋಡಿದೆವು. ಹಳೆಯ ತೂತು ಪಕ್ಕದಲ್ಲೇ ಇದ್ದುದರಿಂದ ಡ್ರಿಲ್ ಅದರೊಳಕ್ಕೇ ಜಾರಿ ಹಲಗೆ ಸೀಳಿತು.

ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಸರ್ ಸೀಳಿದ ಹಲಗೆಯನ್ನು ಮೇಜಿನ ಮೇಲೆ ಇಟ್ಟು, "ಅಳತೆ ತಗೊಂಡಿದ್ದು ಯಾರು?" ಎಂದು ಕೇಳಿದರು.

"ಆನು," ಎಂದಳು ಅವಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಬಗ್ಗಿ ನೆಲದ ಮೇಲೆ ಬಿದ್ದ ಸ್ಕ್ರೂಗಳನ್ನು ಹೆಕ್ಕತೊಡಗಿದೆ. ಮೂರು ಸ್ಕ್ರೂ ಹೆಕ್ಕಲು ನಾನು ತೆಗೆದುಕೊಂಡ ಹೊತ್ತಿನಲ್ಲಿ ಸರ್ ಅವಳಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದರು.

ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದ ಕೈ ಮೊದಲ ಡಬ್ಬಿಗೇ ಕಳಚಿ ಬಿತ್ತು. ವಾಪಸು ಬರುವಾಗ ಅವಳು ಯಲ್ಲಾಪುರದಲ್ಲಿ ಇಳಿದುಕೊಂಡಳು. ಮುಂದಿನ ವರ್ಷದ ತಂಡಕ್ಕೆ ಅವಳನ್ನು ಕರೆಯಲಿಲ್ಲ. ಅಳತೆಯಲ್ಲಿ ಜವಾಬ್ದಾರಿ ಸಾಲದು ಎಂದರು ಸರ್. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೊಸ ರೋಬೋಟಿನ ಕೈಯ ಡ್ರಾಯಿಂಗನ್ನೂ ನನಗೇ ಕೊಟ್ಟರು. ತೆಗೆದುಕೊಂಡೆ. ನಾಚಿಕೆಗೇಡು ಎಂದರೆ ಅದೇ.

ಈಗ ಶನಿವಾರಗಳಂದು ನಾನು ಅದೇ ಲ್ಯಾಬಿನಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಹಂಚಿಕೊಂಡ ಫೈಲಿನಲ್ಲಿ ಪ್ರತಿಯೊಂದು ಬದಲಾವಣೆಯೂ ಮಾಡಿದವರ ಹೆಸರಿನ ಜೊತೆ ದಾಖಲಾಗಿ ಉಳಿಯುತ್ತದೆ. ಅದನ್ನು ತೋರಿಸಲು ಮೊನ್ನೆ ಒಂದು ಹಳೆಯ ಫೈಲ್ ಬೇಕಾಯಿತು. ಆ ರೋಬೋಟಿನದನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ಉಳಿದಿರಲಿಲ್ಲ. ಇಷ್ಟು ವರ್ಷ ಅದನ್ನು ತೆರೆದಿರಲಿಲ್ಲ, ತೆರೆಯುವ ಧೈರ್ಯವೂ ಇರಲಿಲ್ಲ.

ಮೂವತ್ನಾಲ್ಕು ಮೂವತ್ತೊಂದಾದ ಸಾಲು, ಟಿಪ್ಪಣಿ ಅಳಿಸಿದ ಸಾಲು ಇದ್ದವು, ಎರಡರ ಎದುರಿಗೂ ನನ್ನ ಹೆಸರು. ಅವೇ ಕೊನೆಯ ಸಾಲುಗಳೆಂದುಕೊಂಡಿದ್ದೆ. ಅವುಗಳ ನಂತರದವು ಇನ್ನೆರಡಿದ್ದವು. ಸ್ಪರ್ಧೆಯ ಮಾರನೆಯ ದಿನ ನಂದೊಳ್ಳಿಯವಳು ಫೈಲ್ ತೆರೆದಿದ್ದಾಳೆ. ತೂತುಗಳನ್ನು ಮತ್ತೆ ಮೂವತ್ನಾಲ್ಕಕ್ಕೆ ತಂದಿದ್ದಾಳೆ. ಅದೇ ಟಿಪ್ಪಣಿಯನ್ನು ಅಕ್ಷರ ಬಿಡದೆ ಮತ್ತೆ ಬರೆದಿದ್ದಾಳೆ. ನನ್ನ ಹೆಸರನ್ನು ಅವಳು ನೋಡದೆ ಇರಲು ಸಾಧ್ಯವೇ ಇಲ್ಲ. ಆದರೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

"ಸರಿ ಇದ್ದಿದ್ದನ್ನ ಬದಲು ಮಾಡಿದ್ದು ನೀವಾ?" ಎಂದು ಮುಂದೆ ಕೂತ ಹುಡುಗಿ ಕೇಳಿದಳು.

ಹೌದೆಂದೆ.

ಅವಳು ಗೋಡೆಯ ಕಡೆ ತಿರುಗಿದಳು. ನನ್ನ ಕಟ್ಟುಪಾಡಿನ ಕಾಗದ ಬಣ್ಣಗೆಟ್ಟು ಇನ್ನೂ ಅಲ್ಲೇ ಇದೆ. "ಅವ್ರನ್ನ ಕೇಳಿದ್ರಾ?"

ಇಲ್ಲ, ಎಂದೆ. ಹೇಳಲು ಹೊತ್ತೇ ಹಿಡಿಯಲಿಲ್ಲ. ಇಷ್ಟನ್ನು ಆ ಭಾನುವಾರ ಸರ್ ಎದುರು ಹೇಳಿದ್ದರೆ ನಂದೊಳ್ಳಿಯವಳು ತಂಡದಲ್ಲಿ ಉಳಿಯುತ್ತಿದ್ದಳು.